ಅಕ್ಕನ ಮುಂದೆ ಹೇಳಬಹುದಾದ ಅಂಕಿ

ಓಟಾಹುಹು, ಆಕ್ಲೆಂಡ್
8 ಫೆಬ್ರುವರಿ 1999

ಅಕ್ಕನವರಿಗೆ, ತಮ್ಮ ಸೈಮೊನೆ ತಲೆ ತಗ್ಗಿಸಿ ಬರೆದುಕೊಂಡಿದ್ದು.

ಇಲ್ಲಿನ ನಮ್ಮ ಚರ್ಚಿನಲ್ಲಿ ಒಬ್ಬ ಕೆಮ್ಮಿದರೆ ಅಲ್ಲಿ ನಮ್ಮ ಹಾಪೈ ದ್ವೀಪದಲ್ಲಿ ಅವನ ತಿಥಿಗೆ ಗೆಣಸು ಅಗೆಯಲು ಶುರು ಮಾಡುತ್ತಾರೆ. ಹಾಗಾಗಿ ಬೇರೆಯವರ ಬಾಯಿಂದ ತಲುಪುವ ಮೊದಲು ಸುದ್ದಿಯನ್ನು ನಾನೇ ಕಳಿಸುತ್ತಿದ್ದೇನೆ. ನನಗೆ ಕ್ಯಾನ್ಸರ್ ಆಗಿದೆ. ಕುಯ್ದು ತೆಗೆದಿದ್ದಾರೆ. ಉಳಿದ ಚೂರುಪಾರಿಗೆ ಔಷಧಿ ಏರಿಸುತ್ತಿದ್ದಾರೆ.

ಎಲ್ಲಿ ಎಂದು ಮಾತ್ರ ಕೇಳಬೇಡಿ. ಗಂಟಲಲ್ಲಿದ್ದರೆ ಹೇಳುತ್ತಿದ್ದೆ, ಶ್ವಾಸಕೋಶದಲ್ಲಿದ್ದರೂ ಹೇಳುತ್ತಿದ್ದೆ. ಇಷ್ಟು ದೊಡ್ಡ ಮೈಯಲ್ಲಿ, ತಮ್ಮನಾದವನು ಅಕ್ಕನ ಮುಂದೆ ಹೆಸರು ಹೇಳಬಾರದ ಜಾಗವನ್ನೇ ಹುಡುಕಿ ಹೋಗಿ ಕೂತಿದೆ ದರಿದ್ರದ್ದು. ನನಗೆ ಮೀಸೆ ಚಿಗುರಿದ ವರ್ಷ ಅಪ್ಪ ನನ್ನ ಚಾಪೆಯನ್ನೆತ್ತಿ ಹುಡುಗರ ಗುಡಿಸಲಿಗೆ ಎಸೆದದ್ದು ನಿಮಗೆ ನೆನಪಿರಬೇಕು. 'ಇನ್ಮೇಲೆ ಅಕ್ಕ ಇರೋ ಸೂರಿನಡಿ ಮಲಗಂಗಿಲ್ಲ, ಅಕ್ಕನ ಮುಂದೆ ಮೈ ಮಾತು ಆಡಂಗಿಲ್ಲ' ಅಂದಿದ್ದರು. ಕೂದಲು ಬೆಳ್ಳಗಾದರೂ ನಾನು ಆ ಮಾತು ಮೀರಿಲ್ಲ. ಈಗ ಮೀರಲು ಕಲಿಯುವ ವಯಸ್ಸೂ ಅಲ್ಲ.

ಫೋನು ಮಾಡಬೇಡಿ. ಪಂಗೈ ಟೆಲಿಫೋನ್ ಆಫೀಸಿನಲ್ಲಿ ನಿಮ್ಮ ಬೆನ್ನ ಹಿಂದೆ ಅರ್ಧ ಊರು ಕಿವಿ ಅಗಲಿಸಿಕೊಂಡು ನಿಂತಿರುತ್ತದೆ.

ವಾರ್ಡಿನ ನರ್ಸ್ ಸಿನಾ ಸಮೋವಾದ ಹುಡುಗಿ, ನಮ್ಮ ಮಾಂಸದ ಅಂಗಡಿಗೆ ಬಂದುಹೋಗುವವಳೇ. ರಕ್ತದ ವರದಿ ಹಿಡಿದು ಬಂದು, "ಏನ್ ಮಾವಾ, ಊರಿಗೆಲ್ಲ ಕೊಬ್ಬು ಮಾರಿ ಸಾಲದು ಅಂತ ರಕ್ತದಲ್ಲೂ ದಾಸ್ತಾನು ಇಟ್ಕೊಂಡಿದೀರಲ್ಲ! ಕೊಲೆಸ್ಟ್ರಾಲು 7.4!" ಅಂದಳು. ಇಡೀ ವಾರ್ಡು ನಕ್ಕಿತು. ನಾನೂ ನಕ್ಕೆ, ಹೊಲಿಗೆ ಎಳೆಯಿತು.

ಲೂಪೆಗೆ ಹೇಳಿ, ಅವಳ ಮದುವೆಗೆ ಸೋದರಮಾವ ಹಂದಿ ಹೊತ್ತುಕೊಂಡೇ ಬರುತ್ತಾನೆ.

ನಿಮ್ಮ ತಮ್ಮ
ಸೈಮೊನೆ


ಲಿಫುಕ, ಹಾಪೈ
1 ಮಾರ್ಚ್ 1999

ಸೈಮೊನೆ, ಊಟ ಮಾಡಿದೆಯಾ?

ಕಾಗದ ಓದಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಕೆಲಸಕ್ಕೆ ಕೂತೆ. ನಾನು ಅಳುತ್ತ ಕೂರುವ ಹೆಂಗಸಲ್ಲ, ನಿನಗೆ ಗೊತ್ತು.

ಎಲ್ಲಿ ಎಂದು ಕೇಳುವುದಿಲ್ಲ. ಆದರೆ ನನ್ನ ತಮ್ಮ ಹೇಗಿದ್ದಾನೆ ಎಂದು ತಿಳಿಯಲು ನನಗೊಂದು ದಾರಿ ಬೇಕಲ್ಲ? ಯೋಚಿಸಿದೆ. ನೀನು ಬರೆದ ಆ 7.4 ಇದೆಯಲ್ಲ, ಅದು ಮರ್ಯಾದಸ್ಥ ಅಂಕಿ. ಅಕ್ಕನ ಮುಂದೆ ಹೇಳಬಹುದು, ಚರ್ಚಿನಲ್ಲೂ ಹೇಳಬಹುದು. ಅದನ್ನೇ ಹಿಡಿದು ನರ್ಸ್ ಫೂಸಿಯ ಹತ್ತಿರ ಹೋದೆ. ದವಾಖಾನೆಯ ಗೋಡೆಯ ಮೇಲೆ ಕೊಲೆಸ್ಟ್ರಾಲಿನ ಚಾರ್ಟ್ ಹಾಕಿದ್ದಾಳೆ. ಮೇಲೆ ಕೆಂಪು, ನಡುವೆ ಹಳದಿ, ಕೆಳಗೆ ಹಸಿರು. ಐದರ ಕೆಳಗೆ ಬಂದವರು ಹಸಿರು. "ಏಳೂವರೇನಾ? ಅಯ್ಯಯ್ಯೋ ಅಕ್ಕ, ಚಾರ್ಟ್ ಬಿಟ್ಟು ಸೂರು ಹತ್ತಿದೆಯಲ್ಲ!" ಅಂದಳು ಫೂಸಿ. ಯಾರದ್ದೆಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಇನ್ನು ಮುಂದೆ ಪ್ರತಿ ಕಾಗದದಲ್ಲೂ ಆ ಅಂಕಿ ಬರೆ. ಅದು ಇಳಿದರೆ ನೀನು ಹುಷಾರಾಗುತ್ತಿದ್ದೀಯ ಎಂದು ತಿಳಿದುಕೊಳ್ಳುತ್ತೇನೆ. ಬೇರೆ ಏನನ್ನೂ ಕೇಳುವುದಿಲ್ಲ.

ನಿನ್ನ ಹೆಂಡತಿ ಲವಿನಿಯಾಗೆ ಓದಿ ಹೇಳು, ಇದು ನನ್ನ ಮಾತು: ಸಿಪಿ ಬಂದ್. ಆ ಕುರಿಯ ಕೊಬ್ಬಿನ ಪಕ್ಕೆಯನ್ನು ಅಂಗಡಿಯಲ್ಲಿ ಎಷ್ಟಾದರೂ ಮಾರಿಕೊಳ್ಳಲಿ, ಮನೆಯ ಪಾತ್ರೆಗೆ ಬೀಳಕೂಡದು. ಡಬ್ಬಿ ಮಾಂಸ ಬಂದ್. ಬೆಣ್ಣೆ, ತೆಂಗಿನಹಾಲು ಬಂದ್. ಬೇಯಿಸಿದ ಮೀನು, ಗೆಣಸು, ಸೊಪ್ಪು. ಅಷ್ಟೆ.

ಅಕ್ಕ
ಕಲೊಲೈನೆ


ಓಟಾಹುಹು
19 ಏಪ್ರಿಲ್ 1999

ಅಕ್ಕನವರಿಗೆ ನಮಸ್ಕಾರ.

ಮೊದಲು ನಿಮ್ಮ ಅಂಕಿ: 6.2.

ನಿಮ್ಮ ಆಜ್ಞೆಯನ್ನು ಲವಿನಿಯಾ ಎದ್ದು ನಿಂತು ಕೇಳಿದಳು. ಅಂದಿನಿಂದ ಅಂಗಡಿಯ ಯಜಮಾನ ನಾನು, ಅಡುಗೆಮನೆಯ ಯಜಮಾನಿ ನೀವು. ಸಮುದ್ರದ ಆಚೆ ಕೂತು ನನ್ನ ತಟ್ಟೆಯಿಂದ ತುಂಡು ಎತ್ತುತ್ತೀರಿ. ಹೋದ ವಾರ ಅಂಗಡಿಯ ಕೋಲ್ಡ್‌ರೂಮಿನಲ್ಲಿ ನಿಂತು ಒಂದು ಡಬ್ಬಿ ಮಾಂಸ ತೆರೆದಿದ್ದೆ. ಲವಿನಿಯಾ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಏನ್ರೀ ಅದು?"

"ಮಾಲು ಸರಿ ಇದೆಯಾ ನೋಡ್ತಿದ್ದೆ."

"ಚಮಚ ಹಿಡ್ಕೊಂಡಾ? ಅತ್ತಿಗೆಗೆ ಕಾಗದ ಬರೀಲಾ?"

ಡಬ್ಬಿ ಕೊಟ್ಟುಬಿಟ್ಟೆ. ಪೊಲೀಸರ ಹೆಸರು ಹೇಳಿದ್ದರೆ ಇನ್ನೊಂದು ಚಮಚವಾದರೂ ತಿನ್ನುತ್ತಿದ್ದೆ.

ಆಸ್ಪತ್ರೆಯಲ್ಲಿ ಒಬ್ಬಾಕೆ ಬಂದು ಊಟದ ವಿಷಯ ಮಾತಾಡಿದಳು. ಅವಳ ಮಾತೂ ನಿಮ್ಮ ಮಾತೂ ಅಷ್ಟಾಗಿ ಹೊಂದುವುದಿಲ್ಲ. ಇರಲಿ. ಅವಳಿಗೆ ನಾನು ಒಬ್ಬ ರೋಗಿ, ನಿಮಗೆ ತಮ್ಮ. ಯಾರ ಮಾತು ಕೇಳಬೇಕೆಂದು ನನಗೆ ಗೊತ್ತಿದೆ.

ಅಂಕಿ ಇಳಿದದ್ದನ್ನು ಕಂಡು ಡಾಕ್ಟರು ನಗಬಹುದು ಅಂದುಕೊಂಡಿದ್ದೆ. ನಗಲಿಲ್ಲ. ಡಾಕ್ಟರುಗಳ ಮುಖ ನೋಡಿ ವ್ಯಾಪಾರ ಮಾಡಬಾರದು, ಬಿಡಿ.

ಪ್ಯಾಂಟು ಸಡಿಲವಾಗಿದೆ. ಬೆಲ್ಟಿಗೆ ಹೊಸ ತೂತು ಕೊರೆಸಿದೆ.

ನಿಮ್ಮ ತಮ್ಮ
ಸೈಮೊನೆ


ಲಿಫುಕ
10 ಮೇ 1999

ಸೈಮೊನೆ, ದೇವರಿಗೆ ಸ್ತೋತ್ರ!

6.2! ಫೂಸಿ ಚಾರ್ಟ್ ಮೇಲೆ ಬೆರಳಿಟ್ಟು ತೋರಿಸಿದಳು. ಹಳದಿಯ ಬಾಗಿಲಿಗೆ ಬಂದಿದ್ದೀಯ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು ಅಂಕಿಯನ್ನು ಗಟ್ಟಿಯಾಗಿ ಹೇಳಿದೆ. ಕಾಯಿಲೆಯ ಹೆಸರು ಎತ್ತಲಿಲ್ಲ, ಅಂಕಿ ಮಾತ್ರ. ನಿನ್ನದೆಂದು ಎಲ್ಲರಿಗೂ ಅರ್ಥವಾಯಿತು. ಚಾಪೆ ನೇಯುವ ನಮ್ಮ ಹೆಂಗಸರ ಗುಂಪು ಹರಕೆ ಹೊತ್ತಿದೆ, ನೀನು ಹಸಿರಿಗೆ ಇಳಿದು ಊರಿಗೆ ಬರುವ ತನಕ ಯಾರೂ ಸಿಪಿ ಮುಟ್ಟುವಂತಿಲ್ಲ ಎಂದು. ಮುದುಕಿ ಸೆಲು ಗೊತ್ತಲ್ಲ, ಸಿಪಿ ಇಲ್ಲದೆ ಒಂದು ಹೊತ್ತು ಉಣ್ಣದವಳು. ಅವಳೂ ಒಪ್ಪಿದಳು. "ಸೈಮೊನೆ ಬೇಗ ಇಳೀಲಿ ಕಣ್ರೇ, ಇಲ್ದಿದ್ರೆ ನಾನು ಮೊದ್ಲು ಹೋಗ್ಬಿಡ್ತೀನಿ" ಅಂದು ಎಲ್ಲರನ್ನೂ ನಗಿಸಿದಳು.

ಬೆಲ್ಟಿನ ತೂತಿನ ವಿಷಯ ಓದಿ ಖುಷಿಯಾಯಿತು. ಅಪ್ಪನಂತೆ ಹೊಟ್ಟೆ ಬೆಳೆಸಿದ್ದೆ, ಕರಗಲಿ. ಲೂಪೆಯ ಮದುವೆ ನವೆಂಬರಿಗೆ ಗೊತ್ತಾಯಿತು. ಮದುವೆಯಲ್ಲಿ ಅವಳು ಕೂರುವ ಚಾಪೆ ಕಾಲು ಭಾಗವಾಗಿದೆ. ಕೇದಗೆ ಗರಿಯನ್ನು ಇಷ್ಟು ಸಣ್ಣಗೆ ಸೀಳಿ ನೇಯ್ದ ಚಾಪೆ ನಮ್ಮ ಮನೆಯಿಂದ ಇದುವರೆಗೆ ಹೊರಟಿಲ್ಲ.

ಅಂಕಿ ಬರೆ.

ಅಕ್ಕ


ಓಟಾಹುಹು
21 ಜೂನ್ 1999

ಅಕ್ಕನವರಿಗೆ,

4.9. ಹಸಿರು.

ಒಂದು ವಿಷಯ ಹೇಳಬೇಕು. ಡಾಕ್ಟರು ನನ್ನ ಕೊಲೆಸ್ಟ್ರಾಲ್ ಮಾತ್ರೆಯನ್ನು ಮಾರ್ಚಿನಲ್ಲೇ ನಿಲ್ಲಿಸಿದ್ದಾರೆ. ಮಾತ್ರೆ ಇಲ್ಲದೆಯೂ ಅಂಕಿ ಇಳಿಯುತ್ತಿದೆ. ನನ್ನದು ಅಂಗಡಿಯವನ ಬುದ್ಧಿ ನೋಡಿ. ಗಿರಾಕಿ ಬಂದು ಕೊಂಡರೆ ಮಾಲು ಕಡಿಮೆಯಾಗಬೇಕು, ಸರಿ. ಗಿರಾಕಿಯೇ ಇಲ್ಲದೆ ಕಪಾಟು ಖಾಲಿಯಾಗುತ್ತಿದ್ದರೆ ಒಳಗೆ ಯಾರೋ ಕೂತಿದ್ದಾನೆ ಎಂದೇ ಲೆಕ್ಕ. ಡಾಕ್ಟರಿಗೆ ಹಾಗೆಯೇ ಕೇಳಿದೆ. ಅವರು "ನೀವು ಚೆನ್ನಾಗಿ ತಿನ್ನಬೇಕು" ಅಂದರು. ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಉತ್ತರವೂ ಹೌದು.

ಅಕ್ಕ, ಮದುವೆಯನ್ನು ಆಗಸ್ಟಿಗೆ ಇಟ್ಟುಕೊಳ್ಳಲು ಸಾಧ್ಯವೇ? ನವೆಂಬರಿನಲ್ಲಿ ಅಂಗಡಿಯಲ್ಲಿ ಕ್ರಿಸ್ಮಸ್ ಗದ್ದಲ, ಬಿಟ್ಟು ಬರುವುದು ಕಷ್ಟ. ಆಗಸ್ಟಾದರೆ ಹಾಯಾಗಿ ಬಂದು, ಕಡಲ ಕಡೆಯ ಜಗಲಿಯಲ್ಲಿ ನಾಲ್ಕು ದಿನ ಕೂತು ಹೋಗಬಹುದು. ಅಂಗಡಿಯ ಕಾರಣಕ್ಕೆ ಕೇಳುತ್ತಿದ್ದೇನೆ, ಅಷ್ಟೆ.

ಮೊದಲೆಲ್ಲ ನಿಮ್ಮ ಕಾಗದ 'ಊಟ ಮಾಡಿದೆಯಾ' ಎಂದು ಶುರುವಾಗುತ್ತಿತ್ತು. ಈಗ 'ಅಂಕಿ ಬರೆ' ಎಂದು ಮುಗಿಯುತ್ತದೆ. ದೂರು ಹೇಳುತ್ತಿಲ್ಲ. ಕಣ್ಣಿಗೆ ಬಿತ್ತು, ಬರೆದೆ.

ಸೈಮೊನೆ


ಲಿಫುಕ
12 ಜುಲೈ 1999

ಸೈಮೊನೆ,

ಹಸಿರು! ಮಾತ್ರೆಯ ಹಂಗೂ ಇಲ್ಲದೆ! ಒಳಗೆ ಯಾರೋ ಕೂತಿದ್ದಾನೆ ಎಂದು ಬರೆದಿದ್ದೀಯಲ್ಲ, ಓದಿ ಮೈ ಜುಮ್ಮೆಂದಿತು. ಯಾರೆಂದು ನಿನಗೆ ತಿಳಿಯದೇ? ನಾವಿಲ್ಲಿ ಮೊಣಕಾಲೂರಿ ಕರೆದದ್ದು ಯಾರನ್ನು? ಪಾದ್ರಿಯವರು ನಿನ್ನ ಆ ಮಾತನ್ನೇ ಉಪದೇಶದಲ್ಲಿ ಹೇಳಿದರು.

ಆಗಸ್ಟ್ ಆಗುವುದಿಲ್ಲ. ಯಾವಾಗಲೂ ಅಂಗಡಿ, ಅಂಗಡಿ! ಚಾಪೆ ಅರ್ಧವೂ ಆಗಿಲ್ಲ. ಅರ್ಧ ಚಾಪೆಯ ಮೇಲೆ ನನ್ನ ಮಗಳನ್ನು ಕೂರಿಸಲೇ? ಗಂಡಿನ ಕಡೆಯವರು ಏನಂದಾರು? ಒಂದು ವರ್ಷ ಕ್ರಿಸ್ಮಸ್ ವ್ಯಾಪಾರವನ್ನು ಲವಿನಿಯಾ ನೋಡಿಕೊಳ್ಳಲಿ. ನೀನು ಅಲ್ಲೇ ಇದ್ದು ಔಷಧಿ ಮುಗಿಸಿ, ಪೂರ್ತಿ ಹುಷಾರಾಗಿ ನವೆಂಬರಿಗೆ ಬಾ. ಇದು ನನ್ನ ಮಾತು.

ಅಕ್ಕ


ಓಟಾಹುಹು
16 ಆಗಸ್ಟ್ 1999

ಅಕ್ಕನವರಿಗೆ,

3.3.

ಇದನ್ನು ಚರ್ಚಿನಲ್ಲಿ ಹೇಳಬೇಡಿ. ಮೊದಲು ಕಾಗದ ಪೂರ್ತಿ ಓದಿ.

ಕಳೆದ ಕಾಗದದಲ್ಲಿ ಅಂಗಡಿಯ ನೆಪ ಹೇಳಿದೆ. ಅಂಗಡಿಗೆ ನಾನು ಹೋಗಿ ತಿಂಗಳುಗಳೇ ಆದವು. ಡಾಕ್ಟರು ಜೂನಿನಲ್ಲೇ ಹೇಳಿದ್ದರು, ಊರಿಗೆ ಹೋಗುವುದಿದ್ದರೆ ಈಗಲೇ ಹೋಗಿ ಬನ್ನಿ ಎಂದು. ಈಗ ವಿಮಾನ ಹತ್ತಬೇಡಿ ಅನ್ನುತ್ತಾರೆ.

ನರ್ಸ್ ಸಿನಾಗೆ ನಿಮ್ಮ ಚಾರ್ಟಿನ ವಿಷಯ ಹೇಳಿದೆ. ಊರಲ್ಲಿ ನನ್ನ ಅಂಕಿಗಾಗಿ ಪ್ರಾರ್ಥನೆ ನಡೆದಿದೆ, ಇಳಿದಷ್ಟೂ ಹಾಡುತ್ತಾರೆ ಅಂದೆ. ನಗುತ್ತಾಳೆಂದುಕೊಂಡೆ. ಅವಳು ಮಂಚದ ಅಂಚಿಗೆ ಕೂತುಬಿಟ್ಟಳು. "ಮಾವಾ, ಆ ಚಾರ್ಟು ಗಟ್ಟಿ ಇರೋರಿಗೆ. ಅವರಿಗೆ ಇಳಿದ್ರೆ ಒಳ್ಳೇದೇ. ನಿಮ್ಮಂಥೋರಿಗೆ ಮಾತ್ರೆ ಇಲ್ದೆ ತಾನಾಗೇ ಹಿಂಗೆ ಇಳೀತಿದ್ರೆ ನಮಗೆ ಭಯ ಆಗುತ್ತೆ. ಕಾಯಿಲೆ ತಿಂತಿದೆ, ನೀವು ತಿಂತಿಲ್ಲ. ಈ ಅಂಕಿ ಪಾತಾಳಕ್ಕೆ ಹೋದೋರು ಹೆಚ್ಚು ದಿನ..." ಅಷ್ಟಕ್ಕೆ ನಿಲ್ಲಿಸಿ, ದಿಂಬು ಸರಿಮಾಡಲು ಎದ್ದಳು. ದಿಂಬು ಸರಿಯಾಗೇ ಇತ್ತು.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ನಮ್ಮಿಬ್ಬರ ನಡುವೆ ಹೇಳಬಹುದಾದ ಮಾತು ಇದ್ದದ್ದು ಅದೊಂದೇ ಅಂಕಿ. ಅದು ಸುಳ್ಳು ಹೇಳುತ್ತಿದೆ ಎಂದು ಬರೆದರೆ, ಮುಂದೆ ಏನು ಬರೆಯಲಿ? ನಿಜ ಇರುವ ಜಾಗದ ಹೆಸರು ನಾನು ಹೇಳುವಂತಿಲ್ಲ. ಜೊತೆಗೆ, ನಿಮ್ಮ ಕಾಗದಗಳಲ್ಲಿ ನಾನು ಹುಷಾರಾಗುತ್ತಿದ್ದೆ. ಅಲ್ಲೊಂದು ಕಡೆಯಾದರೂ ಹುಷಾರಾಗುತ್ತಿರಲಿ ಎಂದು ಬಿಟ್ಟೆ.

ಸೈಮೊನೆ


ಲಿಫುಕ
18 ಆಗಸ್ಟ್ 1999

ಸೈಮೊನೆ,

ನಿನ್ನ ಕಾಗದ ಬಂದಿಲ್ಲ, ಆದರೂ ಬರೆಯುತ್ತಿದ್ದೇನೆ. ಈ ವಾರ ಚರ್ಚಿನಲ್ಲಿ ಉಪವಾಸ ಪ್ರಾರ್ಥನೆ. ನಿನ್ನ ಅಂಕಿ ಮೂರಕ್ಕೆ ಇಳಿಯಲಿ ಎಂದು ಕೇಳಿಕೊಂಡಿದ್ದೇವೆ. ಊರಲ್ಲಿ ಮೂರು ಇರುವವರು ಯಾರೂ ಇಲ್ಲವಂತೆ. "ಮೂರಾದ್ರೆ ಮಗು ರಕ್ತ ಇದ್ದಂಗೆ ಅಕ್ಕ" ಅಂದಳು ಫೂಸಿ. ಕಣ್ಣು ಮುಚ್ಚಿದರೆ ನೀನು ದೋಣಿಯಿಂದ ಹಾರಿ ದಡಕ್ಕೆ ಓಡಿ ಬರುತ್ತಿದ್ದ ವಯಸ್ಸು ಕಾಣುತ್ತದೆ.

ಚಾಪೆ ಮುಕ್ಕಾಲಾಯಿತು.

ಅಕ್ಕ


ಲಿಫುಕ
2 ಸೆಪ್ಟೆಂಬರ್ 1999

ಸೈಮೊನೆ, ಊಟ ಮಾಡು. ಮೊದಲು ಊಟ ಮಾಡು.

ಕಾಗದ ನಿನ್ನೆ ಬಂತು. ಮೂರಕ್ಕೆ ಇಳಿಸು ಎಂದು ನಾನು ಬೇಡಿಕೊಂಡ ವಾರದಲ್ಲೇ ಅದು ದಾರಿಯಲ್ಲಿತ್ತು. ಓದಿ ದವಾಖಾನೆಗೆ ಹೋಗಿ ಆ ಚಾರ್ಟನ್ನು ಕಿತ್ತೆ. ಒಂದು ಮೂಲೆ ಹರಿಯಿತು. ಫೂಸಿ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಅದು ಸುಳ್ಳಲ್ಲ. ಊರಿಗೆಲ್ಲ ಬೇಕು ಅದು. ಆದ್ರೆ ನಿಮ್ಮ ತಮ್ಮನಿಗೆ ಹಾಕಿದ್ದಲ್ಲ. ಕ್ಯಾನ್ಸರು ಅಂತ ಒಂದು ಮಾತು ನಂಗೆ ಹೇಳಿದ್ರೆ..." ಅಂದಳು. ಹೇಳಿರಲಿಲ್ಲ. ಮರ್ಯಾದೆ ಕಾಯುತ್ತಿದ್ದೆ.

ಈಗ ನನ್ನ ಮಾತು ಕೇಳು, ಇದು ಹಿಂದಿನ ಎಲ್ಲ ಮಾತುಗಳ ಮೇಲಿನ ಮಾತು. ಸಿಪಿ ತಿನ್ನು. ಡಬ್ಬಿ ಮಾಂಸ ತಿನ್ನು. ಬೆಣ್ಣೆ, ಕ್ರೀಮು, ಡಾಕ್ಟರು ಏನು ಹೇಳಿದರೂ ತಿನ್ನು. ಪಾದ್ರಿಯವರ ಹೆಂಡತಿ ಶುಕ್ರವಾರ ಆಕ್ಲೆಂಡಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಲೂ ಕಳಿಸುತ್ತಿದ್ದೇನೆ. ಕೆಸುವಿನೆಲೆಯಲ್ಲಿ ಸಿಪಿ, ಈರುಳ್ಳಿ ಇಟ್ಟು, ಮೂರು ತೆಂಗಿನಕಾಯಿಯ ಗಟ್ಟಿ ಹಾಲು ಹುಯ್ದು, ನೆಲದೊಲೆಯಲ್ಲಿ ನಾನೇ ಬೇಯಿಸಿದ್ದು. ಲವಿನಿಯಾ ಬಿಸಿ ಮಾಡಿ ಕೊಡಲಿ. ಅವಳ ಮೇಲೆ ಸಿಟ್ಟಾಗಬೇಡ, ನನ್ನ ಮಾತು ನಡೆಸಿದಳು ಅಷ್ಟೆ.

ಒಂದೇ ಒಂದು ಕೇಳುತ್ತೇನೆ. ಆರು ತಿಂಗಳು ನನ್ನ ಮಾತಿಗೆ ಬೇಯಿಸಿದ ಗೆಣಸು ತಿಂದೆಯಲ್ಲ, ಅದರಿಂದ ಹೀಗಾಯಿತಾ?

ಇನ್ನೂ ಒಂದು ಕೇಳುತ್ತೇನೆ. ಎಲ್ಲಿ ನೋವು? ತಮ್ಮ ಹೇಳಬಾರದು, ಗೊತ್ತು. ಅಕ್ಕ ಕೇಳಬಾರದು ಎಂದೂ ಗೊತ್ತು. ಕೇಳುತ್ತಿದ್ದೇನೆ.

ಕಲೊಲೈನೆ


ಓಟಾಹುಹು
20 ಸೆಪ್ಟೆಂಬರ್ 1999

ಅಕ್ಕನವರಿಗೆ,

ಅಕ್ಷರ ಲವಿನಿಯಾಳದು, ಮಾತು ನನ್ನದು. ಪೆನ್ನು ಈಗ ಕುರಿಯ ತೊಡೆಯಷ್ಟು ಭಾರವಾಗಿದೆ.

ಲೂ ಬಂತು. ಪಾದ್ರಿಯವರ ಹೆಂಡತಿ ಅದನ್ನು ಮಗುವಿನಂತೆ ಎದೆಗವಚಿಕೊಂಡು ವಾರ್ಡಿಗೆ ತಂದರು. ಎಲೆ ಬಿಚ್ಚಿದಾಗ ಬಂದ ಪರಿಮಳಕ್ಕೆ ಪಕ್ಕದ ಮಂಚದ ಮಾವೊರಿ ಮುದುಕ ಎದ್ದು ಕೂತು, "ಯಾರಪ್ಪಾ ಅದು, ನನಗೂ ಕ್ಯಾನ್ಸರ್ ಇದೆ, ನೆನಪಿರ್ಲಿ!" ಅಂದ. ಅವನಿಗೆ ಅರ್ಧ ಕೊಟ್ಟೆ. ನಾನು ಎರಡು ತುತ್ತು ತಿಂದೆ. ಎರಡೂ ಒಳಗೆ ಉಳಿದವು. ಈಚೆಗೆ ನನಗೆ ಅದು ದೊಡ್ಡ ಊಟ.

ನಿಮ್ಮ ಮೊದಲ ಪ್ರಶ್ನೆಯನ್ನು ಡಾಕ್ಟರಿಗೇ ಕೇಳಿದೆ. ತಿನ್ನದೆ ಇಳಿಯಿತೋ, ಕಾಯಿಲೆ ತಿಂದು ಇಳಿಯಿತೋ ಬೇರೆ ಮಾಡಿ ಹೇಳಲಾಗದು, ತಿಂದಿದ್ದರೂ ಅದು ತನ್ನ ಪಾಲು ತೆಗೆದುಕೊಳ್ಳುತ್ತಿತ್ತು ಅಂದರು. ನಿಮ್ಮ ಮಾತಿನಿಂದ ಅಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ. ನಿಮ್ಮ ಮಾತಿನಿಂದಲೇ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಡಾಕ್ಟರು ಬಿಟ್ಟದ್ದನ್ನು ನಾವೂ ಅಲ್ಲಿಗೇ ಬಿಡೋಣ.

ಎರಡನೆಯ ಪ್ರಶ್ನೆ. ಅಕ್ಕ, ನೀವು ಕೇಳಿದಿರಿ. ಅಪ್ಪ ಹಾಕಿದ ಗೆರೆ ದಾಟಿ ಬಂದು ಕೇಳಿದಿರಿ. ಲವಿನಿಯಾ ಅದನ್ನು ಓದುವಾಗ ಗೋಡೆಯ ಕಡೆ ತಿರುಗಿ ಮಲಗಿದೆ, ಕಣ್ಣು ಒದ್ದೆಯಾಗಿದ್ದು ಅವಳಿಗೆ ಕಾಣಬಾರದೆಂದು. ಈಗ ಇದನ್ನು ಅವಳೇ ಬರೆಯುತ್ತಿದ್ದಾಳೆ, ಗುಟ್ಟು ಹೋಯಿತು. ಉತ್ತರ ಮಾತ್ರ ಕೊಡಲಾರೆ. ಇಷ್ಟು ವರ್ಷ ಉಳಿಸಿಕೊಂಡ ಮರ್ಯಾದೆಯನ್ನು ಕೊನೆಯ ಗಳಿಗೆಯಲ್ಲಿ ಯಾಕೆ ಅಗ್ಗಕ್ಕೆ ಕೊಡಲಿ?

ಅಂಕಿ ಇಲ್ಲ. ಈಗ ಯಾರೂ ಅಳೆಯುವುದಿಲ್ಲ.

ಲೂಪೆಯ ಹಂದಿಗೆ ಪಂಗೈಯಲ್ಲಿ ಹೇಳಿಟ್ಟಿದ್ದೇನೆ. ದೊಡ್ಡದೇ ಇದೆ. ನಾನು ಹೊತ್ತು ತಂದೆ ಎಂದೇ ಎಲ್ಲರಿಗೂ ಹೇಳಿ.

ನಿಮ್ಮ ತಮ್ಮ


ಲಿಫುಕ
10 ಅಕ್ಟೋಬರ್ 1999

ಸೈಮೊನೆ,

ಇದಕ್ಕೆ ಅಂಚೆಚೀಟಿ ಬೇಕಿಲ್ಲ. ನಾಳೆಯ ವಿಮಾನಕ್ಕೆ ನೀನೇ ಬರುತ್ತಿದ್ದೀಯ, ಪೆಟ್ಟಿಗೆಯಲ್ಲಿ. ಲವಿನಿಯಾ ಫೋನು ಮಾಡಿದ್ದಳು. ಟೆಲಿಫೋನ್ ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ ಅರ್ಧ ಊರು ನಿಂತಿತ್ತು. ಯಾರೂ ಕಿವಿ ಅಗಲಿಸಲಿಲ್ಲ. ತಲೆ ತಗ್ಗಿಸಿದರು.

ಚಾಪೆ ನಿನ್ನೆ ಸಂಜೆ ಮುಗಿಯಿತು. ಲೂಪೆಯೇ ಬಂದು, "ಮಾವನಿಗೆ ಹಾಸಿ ಅಮ್ಮ. ನನಗೆ ಬೇರೆ ನೇಯ್ದರಾಯ್ತು" ಅಂದಳು. ಮದುವೆ ಮುಂದೆ ಹೋಯಿತು. ಹಂದಿಯನ್ನು ನಾಳೆ ಕಡಿಯುತ್ತಾರೆ. ಸೈಮೊನೆ ಹೊತ್ತು ತಂದದ್ದು ಎಂದು ಎಲ್ಲರಿಗೂ ಹೇಳಿದ್ದೇನೆ.

ಹರಕೆ ಹೊತ್ತ ಹೆಂಗಸರು ಬಂದು ಅಂಗಳದಲ್ಲಿ ಕೂತಿದ್ದಾರೆ. ನೀನು ಊರಿಗೆ ಬರುವ ತನಕ ಸಿಪಿ ಮುಟ್ಟುವುದಿಲ್ಲ ಎಂದಿದ್ದರಲ್ಲ, ನಾಳೆ ಬಿಡುಗಡೆ. ಒಲೆಗೆ ಸಿಪಿ ಇಡಲೇ ಎಂದು ಕೇಳಿದೆ. ಮುದುಕಿ ಸೆಲು ಬೇಡವೆಂದು ಕೈ ಆಡಿಸಿದಳು.

ಸತ್ತ ತಮ್ಮನ ತಲೆಯ ಬಳಿ ಕೂರುವ ಹಕ್ಕು ಅಕ್ಕನದು. ಬೇರೆಯವರು ಪಾದದ ಕಡೆ ಕೂರುತ್ತಾರೆ, ನಿನ್ನ ಹೆಂಡತಿ ಕೂಡ. ನಿನಗೆ ಮೀಸೆ ಚಿಗುರಿದ ವರ್ಷದಿಂದ ನಾವಿಬ್ಬರೂ ಒಂದೇ ಸೂರಿನಡಿ ಒಂದು ರಾತ್ರಿ ಕಳೆದಿಲ್ಲ. ನಾಳೆ ಕಳೆಯುತ್ತೇವೆ. ಅಪ್ಪನೂ ಬೇಡ ಅನ್ನಲಾರ.

ಹೆದರಬೇಡ. ಎಲ್ಲಿ ಎಂದು ಮತ್ತೆ ಕೇಳುವುದಿಲ್ಲ. ನಿನ್ನ ಹಣೆಯ ಮೇಲೆ ಕೈಯಿಟ್ಟು, ಊಟ ಮಾಡಿದೆಯಾ ಎಂದಷ್ಟೇ ಕೇಳುತ್ತೇನೆ.

ಅಕ್ಕ